ನೂರೈದು ಡಿಗ್ರಿಯಲ್ಲಿ ಒಣಗಿಸಿದ ಕಂಪ್ಯೂಟರ್

ಇನ್‌ಸ್ಟ್ರುಮೆಂಟ್ ವಿಭಾಗಕ್ಕೆ ಹೊಸದಾಗಿ ಸೇರಿದವರು ಎಲ್ಲಾದರೂ ಸಿಕ್ಕರೆ ಕೇಳುವ ಪ್ರಶ್ನೆ ಒಂದೇ. "ಸರ್, ದಾಂಡೇಲಿಯಲ್ಲಿದ್ದಾಗ ನೀವು ಮನೆಯಲ್ಲೇ ಕಂಪ್ಯೂಟರ್ ಕಟ್ಟಿದ್ದಿರಂತೆ. ಆಗ ಬಿಡಿಭಾಗಗಳನ್ನು ಹೇಗೆ ಆರಿಸುತ್ತಿದ್ದಿರಿ?" ಅವರಿಗೆ ಬೇಕಾದದ್ದು ಒಂದು ಪಟ್ಟಿ. ನನ್ನ ಬಳಿ ಇರುವುದು ನಾನು ಪೆಚ್ಚಾದ ಕೆಲವು ಸಂದರ್ಭಗಳು ಮಾತ್ರ. ಅವುಗಳಲ್ಲಿ ಒಂದರಲ್ಲಿ ಇನ್ನೊಬ್ಬರ ನೌಕರಿಯೇ ಹೋಗುವುದರಲ್ಲಿತ್ತು. ಪಟ್ಟಿಗಿಂತ ಅದನ್ನು ಬರೆದಿಡುವುದೇ ಮೇಲು ಎನಿಸಿದೆ.

ಕಾಲೇಜಿನ ದಿನಗಳಿಂದ ನನಗೆ ಡೈರಿ ಬರೆಯುವ ಚಟ. ಇದನ್ನು ಬರೆಯಲು ಕೂರುವ ಮೊದಲು ಎಂಬತ್ತರ ದಶಕದ ಆ ಎರಡು ವರ್ಷಗಳ ಡೈರಿಗಳನ್ನು ತೆಗೆದು ಓದಿದೆ. ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಕಥೆಗೂ ಅವುಗಳಲ್ಲಿ ಇರುವುದಕ್ಕೂ ಹಲವು ಕಡೆ ಹೊಂದುವುದಿಲ್ಲ. ನಾನು ಎಲ್ಲರಿಗೂ ನಲವತ್ತು ಚಿಪ್ ಎಂದು ಹೇಳುತ್ತ ಬಂದಿದ್ದೆ. ಡೈರಿಯಲ್ಲಿ ಇಪ್ಪತ್ತೆರಡೇ ಇವೆ. ಹಾಗಾದರೆ ಡೈರಿಯೇ ನಿಜ ಎಂದುಕೊಳ್ಳೋಣವೆಂದರೆ, ಅದನ್ನು ಬರೆದವನೂ ನಾನೇ.

ನನ್ನದು ಮುಂಡಗೋಡ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ದಾಂಡೇಲಿಯ ಕಾಗದ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗಕ್ಕೆ ಸೇರಿದೆ. ಉಗಿಯ ಒತ್ತಡ, ಕಾಗದದ ತಿರುಳಾದ ಪಲ್ಪಿನ ಬಿಸಿ, ನೀರಿನ ಮಟ್ಟ ಇವನ್ನೆಲ್ಲ ಅಳೆಯುವ ಮೀಟರುಗಳನ್ನು ಸರಿಯಾಗಿ ಇಡುವುದು ನಮ್ಮ ಕೆಲಸ. ನನ್ನ ಮೇಲಧಿಕಾರಿ ಕುಲಕರ್ಣಿಯವರು. ಒಂದು ದಿನ ಅವರು ಎಲೆಕ್ಟ್ರಾನಿಕ್ಸ್ ಮಾಸಿಕವೊಂದರಲ್ಲಿ ಎಂಟು ಬಿಟ್ ಕಂಪ್ಯೂಟರಿನ ನಕ್ಷೆ ನೋಡಿ ನನ್ನ ಮೇಜಿನ ಮೇಲೆ ಹಾಕಿದರು. ಕಂಪ್ಯೂಟರ್ ಕೊಡಿಸಿ ಎಂದು ಅವರು ಬರೆದ ಪತ್ರಕ್ಕೆ ಮುಖ್ಯ ಕಚೇರಿಯಿಂದ, ಕಾಗದ ಮಾಡಲು ಅದರ ಅಗತ್ಯವಿಲ್ಲ ಎಂಬ ಉತ್ತರ ಬಂದು ಒಂದು ವಾರವಾಗಿತ್ತು.

"ಪಾಟೀಲ, ಇದನ್ನ ನಾವ ಕಟ್ಟೋಣು," ಎಂದರು. "ಬಿಡಿ ಸಾಮಾನು ಸ್ಪೇರ್ ಪಾರ್ಟ್ ಅಂತ ತರಸ್ತೇನಿ. ನೀ ಮನ್ಯಾಗ ಕೂತು ಕಟ್ಟು."

"ಮನ್ಯಾಗ ಯಾಕ್ರಿ ಸರ್?"

"ಇಲ್ಲಿ ಗಾಳಿ ಹೆಂಗ ಅದ ನೋಡಿಲ್ಲೇನು? ನನ್ನ ಮುಂಜಿಯ ಬೆಳ್ಳಿ ಉಂಗುರ ಕಬ್ಬಿಣಧಾಂಗ ಕರ್ರಗ ಆಗ್ಯದ."

ಅದು ನಿಜ. ಕಾರ್ಖಾನೆಯ ಗಂಧಕದ ಗಾಳಿಗೆ ಆರು ತಿಂಗಳಲ್ಲಿ ತಾಮ್ರದ ತಂತಿ ಕಪ್ಪಾಗುತ್ತಿತ್ತು. ನಮ್ಮ ಕ್ವಾರ್ಟರ್ಸ್ ಸ್ವಲ್ಪ ದೂರ. ಅಲ್ಲಿಗೆ ವಾಸನೆ ಮಾತ್ರ ಬರುತ್ತಿತ್ತು.

ಮೊದಲು ಬೇಕಾದದ್ದು ಪವರ್ ಸಪ್ಲೈ. ಪಕ್ಕದ ಅಂಬಿಕಾನಗರದಲ್ಲಿ ಅಷ್ಟು ದೊಡ್ಡ ವಿದ್ಯುತ್ ಯೋಜನೆ ಇದ್ದರೂ ನಮ್ಮ ಮನೆಯ ಬಲ್ಬು ಸಂಜೆ ಹೊತ್ತಿಗೆ ಹಣ್ಣಾದ ನಿಂಬೆಯ ಬಣ್ಣಕ್ಕೆ ತಿರುಗುತ್ತಿತ್ತು. ಟ್ರಾನ್ಸ್‌ಫಾರ್ಮರ್ ಆರಿಸಲು ಕುಲಕರ್ಣಿಯವರು ಕೊಟ್ಟ ಸೂತ್ರ: "ಕೈಯಾಗ ಹಿಡಿ. ಭಾರ ಇದ್ರ ತಾಮ್ರ ಅದ, ಹಗುರ ಇದ್ರ ಮೋಸ ಅದ." ನಾನು ಹುಬ್ಬಳ್ಳಿಗೆ ಹೋಗಿ ಅಂಗಡಿಯಲ್ಲಿದ್ದ ಎಲ್ಲ ಟ್ರಾನ್ಸ್‌ಫಾರ್ಮರುಗಳನ್ನೂ ಎತ್ತಿ ನೋಡಿ, ಎರಡೂ ಕೈಗೆ ಭಾರವೆನಿಸಿದ್ದನ್ನೇ ತಂದೆ. ಬಸ್ಸಿನಲ್ಲಿ ಹಳಿಯಾಳದ ತನಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದು ಕಾಲು ಜೋಮು ಹಿಡಿದಿತ್ತು. ಹಚ್ಚಿದ ಅರ್ಧ ಗಂಟೆಗೆ ಅದರ ಬುಡದಿಂದ ಕಪ್ಪು ರಸ ಇಳಿಯತೊಡಗಿತು. ಕುಲಕರ್ಣಿಯವರು ಕೊರೆದು ನೋಡಿದರು. ಪೆಟ್ಟಿಗೆಯೊಳಗೆ ಮುಕ್ಕಾಲು ಡಾಂಬರು, ಉಳಿದದ್ದು ಟ್ರಾನ್ಸ್‌ಫಾರ್ಮರ್.

"ಸರ್, ಭಾರ ಇತ್ತಲ್ರಿ," ಎಂದೆ.

"ರಸ್ತೇನೂ ಭಾರ ಇರ್ತದ, ಪಾಟೀಲ. ಹಂಗಂತ ಅದನ್ನ ಮನಿಗೆ ತರ್ತಾರೇನು?"

ಸೂತ್ರ ಅವರದೇ ಎಂದು ನೆನಪಿಸುವ ಧೈರ್ಯ ನನಗೆ ಇರಲಿಲ್ಲ. ತೂಕದ ಜೊತೆಗೆ ಸುರುಳಿಯ ರೋಧವನ್ನೂ ಅಳೆಯಬೇಕು, ಒಂದು ಗಂಟೆ ಪೂರ್ಣ ಹೊರೆ ಕೊಟ್ಟು ಮುಟ್ಟಿ ನೋಡಬೇಕು ಎಂಬುದು ಎರಡನೆಯದನ್ನು ಕೊಳ್ಳುವಾಗ ಬಂದ ಬುದ್ಧಿ.

ಕೀಲಿಗಳನ್ನು ಆರಿಸಿದ್ದು ನನ್ನ ಹೆಂಡತಿ ಸುಮಿತ್ರಾ. ಆಗಿನ ಯಂತ್ರಕ್ಕೆ ಇಡೀ ಕೀಬೋರ್ಡ್ ಇರಲಿಲ್ಲ; ಸಂಖ್ಯೆಗಳಿಗೂ ಆಜ್ಞೆಗಳಿಗೂ ಸೇರಿ ಇಪ್ಪತ್ತು ಒತ್ತುಗುಂಡಿ ಸಾಕಿತ್ತು. ಹುಬ್ಬಳ್ಳಿಯ ಅಂಗಡಿಯವನು ಒಂದು ಬುಟ್ಟಿಯಲ್ಲಿ ಗುಂಡಿಗಳನ್ನು ರಾಶಿ ಹಾಕಿದ್ದ. ನಾನು ಮೇಲಿನ ಇಪ್ಪತ್ತನ್ನು ಎತ್ತಿಕೊಳ್ಳಲು ಹೋದಾಗ ಅವಳು ನನ್ನ ಕೈ ತಳ್ಳಿದಳು.

"ತಡೀರಿ. ಬದನಿಕಾಯಿನೂ ಹಿಂಗ ಬಾಚಿಕೊಂಡು ಬರ್ತೀರಲ್ಲ, ಅದಕ್ಕ ಮನ್ಯಾಗ ಹುಳುಕ ಬರತಾವು."

ಅವಳು ಒಂದೊಂದನ್ನೂ ಕಿವಿಯ ಬಳಿ ಹಿಡಿದು ಹತ್ತು ಸಲ ಒತ್ತಿ, ಸದ್ದು ಬೇರೆಯಾದದ್ದನ್ನು ಪಕ್ಕಕ್ಕೆ ಎಸೆಯುತ್ತ ಹೋದಳು. ಅಂಗಡಿಯವನು ಮೊದಲು ನಕ್ಕ, ಆಮೇಲೆ ಸಿಟ್ಟಾದ. "ಅಕ್ಕಾರ, ಇದು ಬೆಂಡಿಕಾಯಲ್ಲರಿ, ತುದಿ ಮುರದ ನೋಡಾಕ!" ಎಂದ. "ಬೆಂಡಿಕಾಯಿ ಒಂದ ದಿನಕ್ಕ ತಿಂದ ಮುಗೀತೈತಿ. ಇದರ ಜೋಡಿ ಬಾಳೇವು ಮಾಡಬೇಕಲ್ಲ," ಎಂದಳು. ಆ ಕೊನೆಯ ಮಾತನ್ನು ಹೇಳುವಾಗ ಅವಳು ನೋಡಿದ್ದು ಗುಂಡಿಯನ್ನೋ ನನ್ನನ್ನೋ ಎಂಬುದು ಡೈರಿಯಲ್ಲಿಲ್ಲ. ಅವಳು ಆರಿಸಿದ ಇಪ್ಪತ್ತರಲ್ಲಿ ಒಂದೂ ಕೊನೆಯವರೆಗೆ ಕೈಕೊಡಲಿಲ್ಲ.

ಇನ್ನು ಚಿಪ್ಪುಗಳ ವಿಷಯ. ಇಲ್ಲಿ ಒಂದು ಮಾತು ವಿವರಿಸಬೇಕು. ಕಾಗದ ಕಾರ್ಖಾನೆಯಲ್ಲಿ 'ಚಿಪ್ಸ್' ಎಂದರೆ ಕಟ್ಟಿಗೆಯ ಚೂರು. ಜೋಯಿಡಾ ಕಡೆಯಿಂದ ಲಾರಿಗಳಲ್ಲಿ ಬರುವ ಬಿದಿರು, ನೀಲಗಿರಿಗಳನ್ನು ಯಂತ್ರ ಬೆರಳುದ್ದದ ಚೂರು ಮಾಡುತ್ತದೆ, ಆ ಚೂರು ಬೆಂದು ಪಲ್ಪ್ ಆಗುತ್ತದೆ, ಪಲ್ಪಿನಿಂದ ಕಾಗದ. ಊರಿಗೆ ಊರೇ ಅದೇ ಅರ್ಥದಲ್ಲಿ ಆ ಶಬ್ದ ಬಳಸುತ್ತಿತ್ತು. ಚಿಪ್ ಲಾರಿ, ಚಿಪ್ ಯಾರ್ಡ್, ಚಿಪ್ ಲ್ಯಾಬ್. ಆ ಲ್ಯಾಬಿನಲ್ಲಿ ಚೂರುಗಳ ಉದ್ದ, ತೊಗಟೆ, ಕಸ, ತೇವ ಎಲ್ಲ ಪರೀಕ್ಷೆಯಾಗುತ್ತಿತ್ತು. ತೇವ ಅಳೆಯುವ ವಿಧಾನ ಸರಳ: ತೂಗಿ, ನೂರೈದು ಡಿಗ್ರಿಯ ಒಲೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ, ಮತ್ತೆ ತೂಗುವುದು.

ಈ ಕೆಲಸ ಮಾಡುತ್ತಿದ್ದವರು ಜುಜೆ ಸಿದ್ದಿ. ತೇರಗಾಂವದ ಹತ್ತಿರದವರು, ನನಗಿಂತ ಹತ್ತು ವರ್ಷ ಹಿರಿಯರು. ಮನೆಯಲ್ಲಿ ಕೊಂಕಣಿ, ಲ್ಯಾಬಿನಲ್ಲಿ ಕನ್ನಡ, ಚರ್ಚಿನ ಹಾಡಿನಲ್ಲಿ ಎಲ್ಲರಿಗಿಂತ ಗಟ್ಟಿ ದನಿ. ಬಿದಿರಿನ ಚೂರನ್ನು ಮೂಸಿ ಅದು ಯಾವ ಅರಣ್ಯ ಡಿಪೋದ್ದು ಎಂದು ಹೇಳುತ್ತಿದ್ದರು. ಒಂಬತ್ತು ವರ್ಷಗಳಿಂದ ಅವರು 'ಬದಲಿ' ಕೆಲಸಗಾರ. ಅಂದರೆ ಬೇರೆ ಯಾರೋ ಬಾರದ ದಿನ ಅವರ ಬದಲು ಬರುವವರು. ಆ ಬೇರೆ ಯಾರೋ ಒಂಬತ್ತು ವರ್ಷಗಳಿಂದ ಒಂದು ದಿನವೂ ಬಂದಿರಲಿಲ್ಲ. ಆ ವರ್ಷ ಬದಲಿಯವರನ್ನು ಕಾಯಂ ಮಾಡುವ ಪಟ್ಟಿ ಸಿದ್ಧವಾಗುತ್ತಿತ್ತು. ಜುಜೆಯವರ ಹೆಸರು ಅದರಲ್ಲಿತ್ತು. ಲ್ಯಾಬಿನ ಮುಖ್ಯಸ್ಥ ದೇಸಾಯಿಯವರ ಸಹಿಯೊಂದು ಬಾಕಿ.

ನಮ್ಮ ಚಿಪ್ಪುಗಳು ಬರಬೇಕಾದದ್ದು ಬಾಂಬೆಯಿಂದ. ಅಲ್ಲಿ ನನ್ನ ಸಹಪಾಠಿ ಗಜಾನನ ಇದ್ದ. ಅಂಗಡಿ ಅಂಗಡಿ ತಿರುಗಿ ಕೊಂಡು, ಪಾರ್ಸೆಲ್ ಮಾಡಿ ಲಾರಿಗೆ ಹಾಕಿದ. ಪಾರ್ಸೆಲ್ಲಿನ ಮೇಲೆ 'ಚಿಪ್ಸ್ – ಸ್ಯಾಂಪಲ್' ಎಂದು ಬರೆದಿತ್ತು. ಇಷ್ಟು ವರ್ಷ ನಾನು ಹೇಳಿದ ಕಥೆಯಲ್ಲಿ ಹಾಗೆ ಬರೆದದ್ದು ಗಜಾನನನ ಪೆದ್ದುತನ. ಈಗ ಡೈರಿಯಲ್ಲಿ ನನ್ನ ಪತ್ರದ ಕರಡು ಸಿಕ್ಕಿದೆ. "ಎಲೆಕ್ಟ್ರಾನಿಕ್ ಎಂದು ಬರೆಯಬೇಡ, ಗಡಿಯ ತಪಾಸಣಾ ನಾಕಾದಲ್ಲಿ ವಾರಗಟ್ಟಲೆ ಕೂರಿಸುತ್ತಾರೆ. ಚಿಪ್ಸ್ ಸ್ಯಾಂಪಲ್ ಎಂದು ಬರೆ. ಕಾರ್ಖಾನೆಗೆ ಬರುವ ಸ್ಯಾಂಪಲ್ ಯಾರೂ ಬಿಚ್ಚುವುದಿಲ್ಲ." ಕೆಳಗೆ ನಾನೇ ಮೆಚ್ಚಿ ಒಂದು ಗೆರೆ ಎಳೆದುಕೊಂಡಿದ್ದೇನೆ.

ನಾಕಾದಲ್ಲಿ ಯಾರೂ ಬಿಚ್ಚಲಿಲ್ಲ. ಗೇಟಿನಲ್ಲಿಯೂ ಬಿಚ್ಚಲಿಲ್ಲ. ಅಲ್ಲಿನ ಗುಮಾಸ್ತ ಸ್ಯಾಂಪಲ್ ರಿಜಿಸ್ಟರಿನಲ್ಲಿ ಬರೆದು, ಚೀಟಿ ಅಂಟಿಸಿ, ನೇರವಾಗಿ ಚಿಪ್ ಲ್ಯಾಬಿಗೆ ಕಳಿಸಿದ.

ನನಗೆ ಗೊತ್ತಾದದ್ದು ಮರುದಿನ. ಚಿಪ್ ಲ್ಯಾಬಿನಿಂದ ನಮ್ಮ ವಿಭಾಗಕ್ಕೆ ಒಂದು ವರದಿಯೂ ಒಂದು ಅಲ್ಯೂಮಿನಿಯಂ ತಟ್ಟೆಯೂ ಬಂದವು. ತಟ್ಟೆಯಲ್ಲಿ ನಮ್ಮ ಪ್ರೊಸೆಸರು, ಮೆಮೊರಿ, ಎಲ್ಲ ಚಿಪ್ಪುಗಳು ಹುರಿದ ಶೇಂಗಾದಂತೆ ಹರಡಿದ್ದವು. ವರದಿ ಜುಜೆಯವರ ಗುಂಡು ಅಕ್ಷರದಲ್ಲಿತ್ತು. ಅದನ್ನು ನಾನು ಅಂದೇ ಡೈರಿಗೆ ಇಳಿಸಿಕೊಂಡಿದ್ದೇನೆ, ಆದ್ದರಿಂದ ಇದನ್ನು ನಂಬಬಹುದು:

"ಮಾದರಿ: ಚಿಪ್ಸ್. ಬಂದ ಊರು: ಬಾಂಬೆ. ಒಣಗಿಸಿದ್ದು: ನೂರೈದು ಡಿಗ್ರಿ, ತೂಕ ನಿಲ್ಲುವತನಕ. ತೇವ: ಇಲ್ಲ. ತೊಗಟೆ: ಇಲ್ಲ. ಉದ್ದ: ಮೂರು ಅಳತೆ. ಕಸ: ಎಲ್ಲಕ್ಕೂ ಕಾಲು ಇವೆ. ಬೆರಕೆ: ಎರಡು. ಅಭಿಪ್ರಾಯ: ಪಲ್ಪಿಗೆ ಯೋಗ್ಯವಲ್ಲ."

ಕುಲಕರ್ಣಿಯವರು ಅದನ್ನು ಎರಡು ಸಲ ಓದಿದರು. ಮೊದಲ ಸಲ ತುಟಿ ಅಲುಗಿತು, ಎರಡನೆಯ ಸಲ ಮೀಸೆ. "ಒಂದ ವರ್ಷ ಬೇಡಿಕೊಂಡು ತರಿಸಿದ ಸಾಮಾನು! ಹುರದು ಕಳಿಸ್ಯಾನ!" ಎಂದವರು ಕೂತಲ್ಲೇ ಚಿಪ್ ಲ್ಯಾಬಿನ ಮೇಲೆ ದೂರು ಬರೆದರು. ದೇಸಾಯಿಯವರಿಗೂ ಇವರಿಗೂ ಮೊದಲೇ ಅಷ್ಟಕ್ಕಷ್ಟೇ. ದೂರು ಮೇಲೆ ಹೋಗುವ ಮೊದಲೇ ದೇಸಾಯಿಯವರು ಜುಜೆಯವರ ಹೆಸರಿಗೆ ಮೆಮೊ ಟೈಪ್ ಮಾಡಿಸಿದರು. ಮೆಮೊ ಇದ್ದವರ ಹೆಸರು ಕಾಯಂ ಪಟ್ಟಿಯಲ್ಲಿ ಇರುವಂತಿಲ್ಲ.

ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಒಪ್ಪಂದ ಎನ್ನುವುದಕ್ಕಿಂತ ಪಂಥ ಎನ್ನಬೇಕು. "ಕೆಟ್ಟಾವು ಅಂತ ಸಾಬೀತ ಆಗಲಿ ಮೊದಲ," ಎಂದರು ದೇಸಾಯಿ. "ಮುಂದಿನ ಶನಿವಾರ ನಿಮ್ಮ ಕಂಪ್ಯೂಟರ್ ನನ್ನ ಲ್ಯಾಬಿಗೆ ತರ್ರಿ. ನಮ್ಮ ಜುಜೆ ಮಾಡೂ ತೇವದ ಲೆಕ್ಕಾನ ಅದು ಮಾಡ್ಲಿ. ಸರಿ ಬಂದ್ರ ನೀವು ದೂರು ಹರೀರಿ, ನಾ ಮೆಮೊ ಹರೀತೇನಿ. ತಪ್ಪ ಬಂದ್ರ ಎರಡೂ ಫೈಲಿಗೆ ಹೋಗ್ತಾವು."

ಹೀಗೆ ಒಂಬತ್ತು ವರ್ಷ ದುಡಿದವರ ನೌಕರಿ ನಾನು ಇನ್ನೂ ಕಟ್ಟದ ಯಂತ್ರದ ಮೇಲೆ ನಿಂತಿತು.

ಭಾನುವಾರ ಬೆಳಿಗ್ಗೆ ಜುಜೆಯವರು ನಮ್ಮ ಕ್ವಾರ್ಟರ್ಸಿಗೆ ಬಂದರು. ಸುಮಿತ್ರಾ ಚಹಾ ಕೊಟ್ಟಳು. ನಾನು ವರಾಂಡದಲ್ಲಿ ಒಂದು ಹಲಗೆಗೆ ಸಾಕೆಟ್, ಸ್ವಿಚ್, ಕೆಂಪು ದೀಪಗಳನ್ನು ಜೋಡಿಸಿಕೊಂಡು ಕೂತಿದ್ದೆ. ಒಂದೊಂದು ಮೆಮೊರಿ ಚಿಪ್ಪನ್ನೂ ಸಾಕೆಟ್ಟಿಗೆ ಕೂರಿಸಿ, ಸ್ವಿಚ್ಚಿನಿಂದ ಒಂದು, ಸೊನ್ನೆಗಳನ್ನು ಬರೆದು, ಅವೇ ವಾಪಸು ಬರುತ್ತವೆಯೇ ಎಂದು ದೀಪದಲ್ಲಿ ನೋಡುವುದು.

"ಜುಜೆಯವರ, ಇವಕ್ಕ ಕಾಲು ಇದ್ದದ್ದು ಕಂಡರೂ ಒಲಿಯಾಗ ಇಟ್ಟಿರಲ್ಲ," ಎಂದೆ, ತಡೆಯಲಾರದೆ.

"ನನಗೇನು ಕಣ್ಣಿಲ್ಲೇನ್ರಿ ಸಾಹೇಬ್ರ? ಇದು ನಮ್ಮ ಚಿಪ್ಸ್ ಅಲ್ಲ ಅಂತ ದೇಸಾಯಿ ಸಾಹೇಬ್ರಿಗೆ ಫೋನ್ ಮಾಡಿದ್ನಿ. 'ಚೀಟಿ ಮ್ಯಾಲ ಏನ ಬರದೈತಿ?' ಅಂದ್ರು. ಚಿಪ್ಸ್ ಸ್ಯಾಂಪಲ್ ಅಂದ್ನಿ. 'ಹಂಗಾರ ಟೆಸ್ಟ್ ಮಾಡು, ತಲಿ ತಿನಬ್ಯಾಡ' ಅಂತ ಫೋನ್ ಇಟ್ರು."

"ಅದನ್ನ ಹೇಳ್ರಲ್ಲ ಮತ್ತ!"

"ಹೇಳಿದ್ರ ಪಟ್ಟಿ ಮ್ಯಾಲ ಅವರ ಸಹಿ ಹೆಂಗ ಬೀಳ್ತೈತ್ರಿ?"

ಚೀಟಿಯ ಮೇಲಿನ ಮಾತು ನಾನೇ ಬರೆಸಿದ್ದು ಎಂದು ಅವರಿಗೆ ಹೇಳಿದೆ. ಹೇಳಿದ್ದು ನಿಜ, ಸುಮಿತ್ರಾಳಿಗೂ ನೆನಪಿದೆ. ಜುಜೆಯವರು ಚಹಾದ ಬಸಿ ನೆಲಕ್ಕಿಟ್ಟು ಹೊಟ್ಟೆ ಹಿಡಿದು ನಕ್ಕರು.

"ಸಂತಿ ಮಾಡಿದವರು ನೀವು, ಒಲಿಗೆ ಇಡು ಅಂದವರು ಅವರು. ಬೈಸಿಕೊಳ್ಳಾವ ಮಾತ್ರ ಅಡಗಿ ಭಟ್ಟ!"

ಅವರು ನಗುತ್ತಿದ್ದುದರಿಂದ ನಾನೂ ನಕ್ಕೆ. ನಗಬಾರದಿತ್ತೇನೋ.

ಆಮೇಲೆ ಅವರು ತಟ್ಟೆಯ ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದ ಎರಡು ಮೆಮೊರಿ ಚಿಪ್ಪುಗಳನ್ನು ತೋರಿಸಿದರು. ವರದಿಯಲ್ಲಿ 'ಬೆರಕೆ: ಎರಡು' ಎಂದಿದ್ದು ಇವೇ.

"ಇವು ಬ್ಯಾರೆ ಗಿಡದ ಕಟ್ಟಿಗಿ, ಸಾಹೇಬ್ರ."

ಒಂದೇ ಆಕಾರ, ಒಂದೇ ಬಣ್ಣ, ಮೇಲೆ ಒಂದೇ ನಂಬರು. ಎಂ.ಎಸ್ಸಿ. ಓದಿದವನ ತಾಳ್ಮೆಯಿಂದ, "ಇವು ಎಲ್ಲಾ ಒಂದ ಅದಾವು, ನೋಡ್ರಿ ನಂಬರು," ಎಂದೆ.

"ನಂಬರ ನಾ ನೋಡಲಿಲ್ಲ. ಉಳದದ್ದರ ಮೈ ಬೆಳಕಿಗೆ ಮಿಂಚತೈತಿ, ಇವುದರ ಮೈ ಮಿಂಚೂದಿಲ್ಲ. ಯಾರೋ ತಿಕ್ಕ್ಯಾರ. ಡಿಪೋದಾಗ ಹಳೆ ಗಳದ ಗುರುತು ಹೆರದು ಹೊಸಾ ಗುರುತು ಹೊಡೀತಾರ, ಹಂಗ."

ಎಂಟು ಮೆಮೊರಿ ಚಿಪ್ಪುಗಳನ್ನೂ ಪರೀಕ್ಷಿಸಿದೆ. ಆರು ಬರೆದದ್ದನ್ನು ಬರೆದ ಹಾಗೆ ಹಿಂದಿರುಗಿಸಿದವು. ಎರಡು ಮಾತ್ರ ಬರೆದದ್ದೊಂದು, ಹೇಳಿದ್ದೊಂದು. ಯಾವ ಎರಡೆಂದು ಬೇರೆ ಹೇಳಬೇಕಿಲ್ಲ. ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದಾಗ ಮೇಲಿನ ನಂಬರು ಹತ್ತಿಗೆ ಬಂತು, ಅಡಿಯಲ್ಲಿ ಉಜ್ಜಿದ ಗೆರೆಗಳು ಕಂಡವು. ಯಾರೋ ಕೀಳು ದರ್ಜೆಯ ಚಿಪ್ಪಿನ ಹಳೆಯ ಗುರುತನ್ನು ಕೆರೆದು ಹೊಸ ಗುರುತು ಒತ್ತಿದ್ದರು. ಅವು ಒಲೆಗೆ ಹೋಗುವ ಮೊದಲೇ ಕೆಟ್ಟಿದ್ದವೋ, ಬಿಸಿ ತಾಳದೆ ಕೆಟ್ಟವೋ ನನಗೆ ಗೊತ್ತಿಲ್ಲ. ಒಳ್ಳೆಯ ಚಿಪ್ಪು ಆ ಬಿಸಿಯನ್ನು ತಾಳುತ್ತದೆ, ದೊಡ್ಡ ತಯಾರಕರು ದುರ್ಬಲ ಚಿಪ್ಪುಗಳನ್ನು ಬೇರೆ ಮಾಡಲು ಬೇಕೆಂದೇ ಹೀಗೆ ಕಾಯಿಸುತ್ತಾರೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಅವತ್ತು ಗೊತ್ತಿದ್ದದ್ದು ಇಷ್ಟೇ: ನನ್ನ ಮೀಟರು ಇಡೀ ಬೆಳಿಗ್ಗೆ ಹೇಳಿದ್ದನ್ನು ಜುಜೆಯವರ ಕಣ್ಣು ಮೊದಲೇ ಬರೆದು ಸಹಿ ಮಾಡಿತ್ತು.

ಉಳಿದ ಆರು ಮೆಮೊರಿ ನಮ್ಮ ಲೆಕ್ಕಕ್ಕೆ ಧಾರಾಳ. ವಾರವಿಡೀ ಪಾಳಿ ಮುಗಿಸಿ ಬಂದು ಕಟ್ಟಿದೆ. ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಬೋರ್ಡು, ಸುಮಿತ್ರಾಳ ಗುಂಡಿಗಳು, ಆರು ಕೆಂಪು ಅಂಕಿಗಳ ಫಲಕ. ಲೆಕ್ಕದ ಕ್ರಮವನ್ನು ನಾನೇ ಬರೆದೆ: ಹಸಿ ತೂಕ ಒತ್ತಬೇಕು, ಒಣ ತೂಕ ಒತ್ತಬೇಕು, ಶೇಕಡಾ ತೇವ ಫಲಕದಲ್ಲಿ ಬರಬೇಕು.

ಶನಿವಾರ ಅದನ್ನು ತಲೆದಿಂಬಿನ ಚೀಲದಲ್ಲಿ ಸುತ್ತಿಕೊಂಡು ಆಟೋದಲ್ಲಿ ಹೊರಟೆ. "ಏನ್ರಿ ಅದು, ಹಾರ್ಮೋನಿಯಂ ಏನು?" ಎಂದ ಆಟೋದವನು. ಹೌದು ಎಂದೆ, ವಿವರಿಸುವ ಶಕ್ತಿ ಇರಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಜುಜೆಯವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. ಹಲಗೆಯ ಒಂದು ತುದಿ ಹಿಡಿದು ಮೆಲ್ಲಗೆ ಹೇಳಿದರು:

"ಸಾಹೇಬ್ರ, ಇದು ಸರಿ ಹೇಳಿದ್ರ ನನ್ನ ನೌಕರಿ ಉಳೀತೈತಿ. ಭಾಳ ಸರಿ ಹೇಳಿದ್ರ ಲೆಕ್ಕಕ್ಕ ನಾ ಯಾಕ ಬೇಕು ಅಂತಾರ. ನೋಡಿಕೊಂಡು ನಡುವ ಇಡ್ರಿ."

ಒಳಗೆ ದೇಸಾಯಿಯವರು, ಕುಲಕರ್ಣಿಯವರು ಮೇಜಿನ ಎರಡು ಬದಿಗೆ ಕೂತಿದ್ದರು. ಇಬ್ಬರ ಮುಂದೆಯೂ ಅವರವರ ಕಾಗದ. ಜುಜೆಯವರು ಅವತ್ತಿನ ಸ್ಯಾಂಪಲ್ಲಿನ ತೂಕ ಓದಿದರು: ಹಸಿ ಐನೂರು ಗ್ರಾಂ, ಒಣಗಿದ ಮೇಲೆ ಮುನ್ನೂರು. ನಾನು ಗುಂಡಿ ಒತ್ತಿದೆ. ಫಲಕದಲ್ಲಿ 66 ಬಂತು.

ಜುಜೆಯವರ ರಿಜಿಸ್ಟರಿನಲ್ಲಿ 40 ಎಂದಿತ್ತು.

ದೇಸಾಯಿಯವರು ಕುರ್ಚಿಗೆ ಒರಗಿದರು. "ಮೂರರಾಗ ಎರಡ ಪಾಲು ನೀರು! ಪಾಟೀಲ್ರ, ಇದು ಬಿದರಲ್ಲ, ಕಾಳಿ ಹೊಳಿ."

ಮತ್ತೊಮ್ಮೆ ಒತ್ತಿದೆ. 66. ಕುಲಕರ್ಣಿಯವರು ಬಗ್ಗಿ ನನ್ನ ಕಿವಿಯಲ್ಲಿ, "ಯಾವುದೋ ಒಂದ ಚಿಪ್ ಬಿಸಿಗೆ ಹೋಗ್ಯದ ಅಂತ ಹೇಳಿಬಿಡು. ಅಷ್ಟ ಸಾಕು," ಎಂದರು. ನನಗೆ ಆ ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ಒಂದು ವಾಕ್ಯ ಹೇಳಿದರೆ ತಪ್ಪು ನನ್ನದಲ್ಲ, ಒಲೆಯದು.

"ಇನ್ನೊಂದು ಲೆಕ್ಕ ಕೊಡ್ರಿ ಅದಕ್ಕ," ಎಂದರು ಜುಜೆ. ಯಾರೂ ಅವರನ್ನು ಕೇಳಿರಲಿಲ್ಲ. "ಹಸಿ ನಾಕನೂರು, ಒಣ ಮುನ್ನೂರು."

ಒತ್ತಿದೆ. ಇಪ್ಪತ್ತೈದು ಬರಬೇಕಿತ್ತು. 33 ಬಂತು.

"ನೂರಕ್ಕ ಇನ್ನೂರು."

"ನೂರಕ್ಕ ಇನ್ನೂರು ಹೆಂಗ ಆಗ್ತದೋ, ಒಣಗಿದ ಮ್ಯಾಲ ಭಾರ ಆಗ್ತದೇನು?" ಎಂದರು ಕುಲಕರ್ಣಿ.

"ತಪ್ಪಾತ್ರಿ. ಹಸಿ ಇನ್ನೂರು, ಒಣ ನೂರು."

ಐವತ್ತು ಬರಬೇಕಾದಲ್ಲಿ ಫಲಕ 100 ಎಂದಿತು. ದೇಸಾಯಿಯವರು ಹೋ ಎಂದು ನಕ್ಕರು. "ಪೂರಾ ನೀರು! ಕಟ್ಟಿಗಿನ ಇಲ್ಲ!" ಅವರು ಮೆಮೊದ ಮೇಲೆ ಕೈಯಿಟ್ಟರು.

ಜುಜೆಯವರು ಮಾತ್ರ ನಗಲಿಲ್ಲ. ಕಣ್ಣು ಮುಚ್ಚಿ ಬೆರಳು ಮಡಚಿ ಬಿಚ್ಚಿದರು. "ಸಾಹೇಬ್ರ, ಕೆಟ್ಟ ಮಷೀನು ಹೊತ್ತಿಗೊಂದು ತಪ್ಪ ಮಾಡತೈತಿ. ಇದು ಒಂದ ತಪ್ಪನ್ನ ನಿಯತ್ತಿಲೆ ಮಾಡಾಕತ್ತೈತಿ. ಹೋದ ನೀರನ್ನ ಹಸಿ ತೂಕದಿಂದ ಭಾಗಿಸಬೇಕು. ಇದು ಒಣ ತೂಕದಿಂದ ಭಾಗಿಸಾಕತ್ತೈತಿ." ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೆತ್ತಗೆ, "ಚಿಪ್ಸ್ ಒಣಗ್ಯಾವರಿ. ಲೆಕ್ಕ ಹಸಿ ಐತಿ," ಎಂದರು.

ಅವರು ಹೇಳಿದ ಕೂಡಲೇ ನನಗೆ ತಿಳಿಯಿತು. ನನ್ನ ಹಳೆಯ ಪುಸ್ತಕದಲ್ಲಿ ಮಣ್ಣಿನ ತೇವವನ್ನು ಒಣ ತೂಕದಿಂದಲೇ ಭಾಗಿಸುತ್ತಾರೆ. ಕಾರ್ಖಾನೆಗಳಲ್ಲಿ ಕಟ್ಟಿಗೆಗೆ ಹಸಿ ತೂಕದಿಂದ. ದಿನಾ ಈ ಲ್ಯಾಬಿನ ಮುಂದೆ ಓಡಾಡಿದವನು ಒಂದು ಸಲವೂ ಒಳಗೆ ಬಂದು, ನೀವು ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿರಲಿಲ್ಲ. ಚಿಪ್ಪನ್ನು ಪರೀಕ್ಷಿಸಿದೆ, ಗುಂಡಿಯನ್ನು ಪರೀಕ್ಷಿಸಿದೆ, ಟ್ರಾನ್ಸ್‌ಫಾರ್ಮರನ್ನು ಕೊರೆಸಿ ನೋಡಿದೆ. ಪರೀಕ್ಷೆಯಾಗದೆ ಉಳಿದ ಭಾಗ ನಾನೇ.

ಈಗ ನಾನು ಹೌದೆನ್ನಬೇಕಿತ್ತು. ಬದಲಿ ಕೆಲಸಗಾರನ ಮಾತಿಗೆ ಆ ಕೋಣೆಯಲ್ಲಿ ಅಷ್ಟು ತೂಕವಿರಲಿಲ್ಲ. ಇಬ್ಬರು ಸಾಹೇಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಅಂದಿನ ಡೈರಿಯಲ್ಲಿ "ತಕ್ಷಣ ಒಪ್ಪಿಕೊಂಡೆ" ಎಂದು ಬರೆದಿದ್ದೇನೆ. ಮೊನ್ನೆ ಕನ್ನಡಕ ಹಾಕಿಕೊಂಡು ನೋಡಿದೆ. "ಒಪ್ಪಿಕೊಂಡೆ" ನೀಲಿ ಶಾಯಿಯಲ್ಲಿದೆ. "ತಕ್ಷಣ" ಎಂಬುದು ಗೆರೆಯ ಮೇಲೆ, ಕಪ್ಪು ಶಾಯಿಯಲ್ಲಿ, ಆಮೇಲೆ ಸೇರಿಸಿದ್ದು. ಎಷ್ಟು ಹೊತ್ತು ಸುಮ್ಮನಿದ್ದೆನೋ ಹೇಳಲಾರೆ. ಜುಜೆಯವರು ರಿಜಿಸ್ಟರ್ ಮುಚ್ಚುವಷ್ಟು ಹೊತ್ತಂತೂ ಆಗಿತ್ತು; ಅದು ಮುಚ್ಚಿದ ಸದ್ದು ನೆನಪಿದೆ.

"ಜುಜೆಯವರು ಹೇಳಿದ್ದು ಖರೇ ಐತ್ರಿ," ಎಂದೆ. "ಚಿಪ್ಸ್ ಚಲೋ ಅದಾವು. ಸೂತ್ರ ತಪ್ಪು ಬರದಾವ ನಾನು."

ಕುಲಕರ್ಣಿಯವರು ಕಣ್ಣು ಮುಚ್ಚಿಕೊಂಡರು. ನಾನು ಗುಂಡಿಗಳಿಂದ ಒಂದೇ ಒಂದು ಬೈಟ್ ಬದಲಿಸಿದೆ: ಭಾಗಿಸುವ ಸಂಖ್ಯೆಯನ್ನು ಒಣ ತೂಕದ ಮನೆಯಿಂದ ತರುವ ಬದಲು ಹಸಿ ತೂಕದ ಮನೆಯಿಂದ ತರುವುದು. ಐನೂರು, ಮುನ್ನೂರು ಒತ್ತಿದೆ. 40. ನಾಲ್ಕುನೂರು, ಮುನ್ನೂರು. 25. ಆಮೇಲೆ ದೇಸಾಯಿಯವರೇ ಎದ್ದು ಬಂದು ಹಳೆಯ ರಿಜಿಸ್ಟರಿನಿಂದ ಹತ್ತು ಲೆಕ್ಕ ಒತ್ತಿಸಿದರು. ಒಂಬತ್ತು ಜುಜೆಯವರ ಅಂಕಿಗೆ ಕೂಡಿದವು. ಒಂದು ಕಡೆ ಮಾತ್ರ ಯಂತ್ರ 37 ಎಂದರೆ ಜುಜೆಯವರದು 38. ಅವರು ಹತ್ತಿರ ಬಂದು ನೋಡಿ, "ಅದು ಮೂವತ್ತೇಳೂವರಿ ಮ್ಯಾಲ ಐತಿ. ನಿಮ್ಮ ಮಷೀನಿಗೆ ಅರ್ಧ ಅಂದ್ರ ತಿಳಿಯೂದಿಲ್ಲ," ಎಂದರು. ಅದೂ ನನ್ನದೇ ತಪ್ಪು, ದಶಮಾಂಶವನ್ನು ಕೈಬಿಟ್ಟಿದ್ದೆ.

ಕುಲಕರ್ಣಿಯವರು ದೂರನ್ನು ಹರಿದರು. ದೇಸಾಯಿಯವರು ಮೆಮೊವನ್ನು ನಾಲ್ಕಾಗಿ ಮಡಿಸಿ ಹರಿದು, ಚೂರುಗಳನ್ನು ಪಲ್ಪಿಗೆ ಹೋಗುವ ಡಬ್ಬಿಗೆ ಹಾಕಿದರು. ಫೋನಿನ ಮಾತು ಅವರು ಎತ್ತಲಿಲ್ಲ. ಚೀಟಿಯ ಮಾತು ನಾನು ಎತ್ತಲಿಲ್ಲ. ಒಂದು ದಿನಕ್ಕೆ ಒಂದು ತಪ್ಪು ಒಪ್ಪಿಕೊಂಡರೆ ಸಾಕೆಂದು ಆಗ ಅನಿಸಿತು; ಕುಲಕರ್ಣಿಯವರಿಗೆ ಕೊನೆಯವರೆಗೂ ಹೇಳಲಿಲ್ಲ. ಗಜಾನನ ಪಾಪ, ಮೂವತ್ತು ವರ್ಷ ಪೆದ್ದನಾಗಿಯೇ ಉಳಿದ. ಈ ಬರಹ ಅವನ ಕೈಗೆ ಸಿಕ್ಕರೆ ಬೈಯಲಿ.

ಅಲ್ಲಿಂದ ಮುಂದೆ ಬಾಂಬೆಯಿಂದ ಬಂದ ಯಾವ ಚಿಪ್ಪನ್ನೂ ನಾನು ಜುಜೆಯವರಿಗೆ ತೋರಿಸದೆ ಸಾಕೆಟ್ಟಿಗೆ ಹಾಕಲಿಲ್ಲ. ಅವರು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಒಲೆಯಲ್ಲಿ ಒಣಗಿಸುತ್ತಿದ್ದರು, ಅದೇ ನಮೂನೆಯಲ್ಲಿ ವರದಿ ಕೊಡುತ್ತಿದ್ದರು. 'ಕಸ' ಎಂಬಲ್ಲಿ ಕಾಲುಗಳ ಲೆಕ್ಕ ಬರೆಯುವುದನ್ನು ಮಾತ್ರ ನಾನು ಎಷ್ಟು ಹೇಳಿದರೂ ಬಿಡಲಿಲ್ಲ. ಹೊಸ ಲೆಕ್ಕದ ಕ್ರಮ ಬರೆದರೂ ಮೊದಲು ಅವರ ಮುಂದೆ ಓದುತ್ತಿದ್ದೆ. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನನ್ನ ಬಳಿ ಪಟ್ಟಿಯಂಥದ್ದು ಏನಾದರೂ ಇದ್ದರೆ ಅದು ಇಷ್ಟೇ: ಆ ಲೆಕ್ಕವನ್ನು ದಿನಾ ಕೈಯಲ್ಲಿ ಮಾಡುವವರು ಯಾರೆಂದು ಮೊದಲು ಹುಡುಕಿ.

ಮಳೆಗಾಲ ಹಿಡಿಯುವ ಹೊತ್ತಿಗೆ ಕಾಯಂ ಆದವರ ಆದೇಶಗಳು ಬಂದವು. ಜುಜೆಯವರು ತಮ್ಮದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಆಡಳಿತ ಕಚೇರಿಯವರು ಅವರಿಗೆ ಹೊಸ ಹುದ್ದೆಯ ಹೆಸರು ಟೈಪ್ ಮಾಡಿದ್ದರು: ಚಿಪ್ ಪರೀಕ್ಷಕ.

"ಯಾವ ಚಿಪ್ ಅಂತ ಬರದಿಲ್ಲಲ್ರಿ, ಸಾಹೇಬ್ರ," ಎಂದರು. "ಕೇಳೂಣೇನು?"

"ಬ್ಯಾಡ್ರಿ," ಎಂದೆ. "ಕೇಳಿದ್ರ ಎರಡರಾಗ ಒಂದನ್ನ ಹೊಡದು ಹಾಕ್ತಾರ."